ಗ್ಯಾಂಬಿಯಾ: ನದಿಯೊಂದು ನಾಡಾದ ಬಗೆ

ಭೂಪಟವನ್ನು ಹರಡಿಕೊಂಡು ಉಡುಪಿಯ ಮೇಲೆ ಬೆರಳಿಟ್ಟು ನೇರವಾಗಿ ಪಡುವಣಕ್ಕೆ ಸಾಗಿರಿ. ಅರಬ್ಬೀ ಸಮುದ್ರವನ್ನು ದಾಟಿ, ಆಫ್ರಿಕಾ ಖಂಡವನ್ನು ಮೂಡಣ ಅಂಚಿನಿಂದ ಪಡುವಣ ಅಂಚಿನವರೆಗೂ ಹಾಯ್ದರೆ ಅಟ್ಲಾಂಟಿಕ್ ಸಾಗರದ ದಡದಲ್ಲಿ ಬೆರಳು ನಿಲ್ಲುವ ನಾಡು ಗ್ಯಾಂಬಿಯಾ. ಉಡುಪಿ, ಶೃಂಗೇರಿ, ತುಮಕೂರುಗಳು ಇರುವ ಅಕ್ಷಾಂಶದಲ್ಲೇ ಆ ದೇಶವೂ ಇದೆ. ಹೀಗಿದ್ದರೂ ನಮ್ಮಲ್ಲಿ ಹೆಚ್ಚಿನವರಿಗೆ ಅದರ ಹೆಸರಿನಾಚೆಗೆ ಏನೂ ತಿಳಿದಿಲ್ಲ.

ನನಗೂ ತಿಳಿದಿರಲಿಲ್ಲ. ವಾಯವ್ಯ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನೆಲೆಸಿರುವ ನಾನು ವೃತ್ತಿಯಿಂದ ವೈದ್ಯ. ಗ್ಯಾಂಬಿಯಾದ ಸೆರೆಕುಂಡಾ ಊರಿನ ದಾದಿಯೊಬ್ಬರು ಹಲವು ವರ್ಷ ನನ್ನ ಸಹೋದ್ಯೋಗಿಯಾಗಿದ್ದರು. 2022ರ ಅಕ್ಟೋಬರಿನ ಒಂದು ಬೆಳಿಗ್ಗೆ ಅವರು ನನ್ನೆದುರು ನಿಂತು, "ಡಾಕ್ಟರ್, ನಮ್ಮ ಮಕ್ಕಳು ಕುಡಿದ ಆ ಸಿರಪ್ಪು ನಿಮ್ಮ ದೇಶದ್ದಂತೆ, ನಿಜವೇ?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೌದೆಂದೆ, ಮುಂದೆ ಮಾತು ಹೊರಡಲಿಲ್ಲ. ಆ ದಿನದಿಂದ ಅವರ ನಾಡಿನ ಬಗ್ಗೆ ಓದತೊಡಗಿದೆ. ಆ ಓದಿನ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ನೆಲ ಮತ್ತು ನದಿ

ಆಫ್ರಿಕಾದ ಮುಖ್ಯ ಭೂಭಾಗದಲ್ಲಿ ಗ್ಯಾಂಬಿಯಾವೇ ಅತ್ಯಂತ ಚಿಕ್ಕ ದೇಶ. ವಿಸ್ತೀರ್ಣ ಸುಮಾರು 11,300 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಹದಿನೇಳರಲ್ಲಿ ಒಂದು ಪಾಲು. ನದಿಯ ನೀರಿನ ಹರವನ್ನು ಕಳೆದರೆ ಉಳಿಯುವ ನೆಲ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಉದ್ದ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದರೂ ಅಗಲ ಎಲ್ಲಿಯೂ ಐವತ್ತು ಕಿಲೋಮೀಟರನ್ನು ಮುಟ್ಟುವುದಿಲ್ಲ. ಮೂರು ಕಡೆ ಸೆನೆಗಲ್, ನಾಲ್ಕನೆಯ ಕಡೆ ಸಾಗರ.

ಈ ವಿಚಿತ್ರ ಆಕಾರಕ್ಕೆ ನದಿಯೇ ಕಾರಣ. ಗಿನಿ ದೇಶದ ಫುಟಾ ಜಲ್ಲೋನ್ ಎತ್ತರದಲ್ಲಿ ಹುಟ್ಟುವ ಗ್ಯಾಂಬಿಯಾ ನದಿ ಸುಮಾರು 1,120 ಕಿಲೋಮೀಟರು ಹರಿದು ಬಾಂಜುಲ್ ಬಳಿ ಕಡಲನ್ನು ಸೇರುತ್ತದೆ. ಅದರ ಕೆಳಹರಿವಿನ ಎರಡು ದಡಗಳೇ ಈ ದೇಶ. ನಮ್ಮ ಶರಾವತಿಯಂತೆ ಘಟ್ಟದಿಂದ ಧುಮುಕುವ ನದಿ ಇದಲ್ಲ. ದೇಶದ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಅರವತ್ತು ಮೀಟರಿನ ಆಸುಪಾಸಿನಲ್ಲಿದೆ. ಆದ್ದರಿಂದ ಬೇಸಿಗೆಯಲ್ಲಿ ಭರತದ ಉಪ್ಪುನೀರು ಇನ್ನೂರು ಕಿಲೋಮೀಟರಿನಷ್ಟು ಒಳನಾಡಿಗೆ ನುಗ್ಗುತ್ತದೆ. ದಡದುದ್ದಕ್ಕೂ ಕಾಂಡ್ಲಾ ಕಾಡು; ಅದರ ಹಿಂದಿನ ಜೌಗು ಗದ್ದೆಗಳಲ್ಲಿ ಮಳೆ ಉಪ್ಪನ್ನು ತೊಳೆದ ಮೇಲೆ ಭತ್ತದ ನಾಟಿ. ಕುಮಟೆಯ ಬಳಿ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದನ್ನು ಕಂಡವರಿಗೆ ಈ ಕ್ರಮ ಹೊಸತೆನಿಸದು. ಅಲ್ಲಿ ಭತ್ತದ ಬೇಸಾಯ ಬಹುಮಟ್ಟಿಗೆ ಹೆಂಗಸರ ಕೆಲಸ.

ಮಳೆಗಾಲ ಜೂನ್‌ನಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳುಗಳು ಒಣ. ಚಳಿಗಾಲದಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಧೂಳುಗಾಳಿ ಬೀಸುತ್ತದೆ. ಅಕ್ಷಾಂಶ ಉಡುಪಿಯದಾದರೂ ಮಳೆಯ ಪ್ರಮಾಣ ಅದರ ಕಾಲು ಭಾಗದಷ್ಟೇ. ಹೀಗಾಗಿ ಎತ್ತರದ ಹೊಲಗಳಲ್ಲಿ ಸಜ್ಜೆ, ಜೋಳ, ಶೇಂಗಾ. ಸಜ್ಜೆ ನಮಗೆ ಬಂದದ್ದೇ ಪಶ್ಚಿಮ ಆಫ್ರಿಕಾದಿಂದ. ಸಹಾರಾದ ದಕ್ಷಿಣದ ಅಂಚಿನಲ್ಲಿ ಮೊದಲು ಪಳಗಿದ ಈ ಧಾನ್ಯ ಸಾವಿರಾರು ವರ್ಷಗಳ ಹಿಂದೆಯೇ ಭಾರತವನ್ನು ತಲುಪಿತ್ತು. ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಾಚೀನ ನೆಲೆಯ ಉತ್ಖನನದಲ್ಲಿ ಅದರ ಕಾಳುಗಳು ದೊರೆತಿವೆ. ಅದೇ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಹೆಸರಾದ ಮೂರು ಭಾರಿ ಮರಗಳಿವೆಯಲ್ಲ, ಅವೂ ಆಫ್ರಿಕಾ ಮೂಲದ ಬಾವೊಬಾಬ್ ಮರಗಳೇ. ಗ್ಯಾಂಬಿಯಾದ ಹಳ್ಳಿಗಳಲ್ಲಿ ಆ ಮರ ನಮ್ಮ ಅರಳಿಕಟ್ಟೆಯಷ್ಟೇ ಪರಿಚಿತ. ಆದರೆ ಉತ್ತರ ಕನ್ನಡದ ಸಿದ್ದಿ ಜನರನ್ನು ಈ ನಾಡಿನೊಂದಿಗೆ ತಳಕು ಹಾಕುವುದು ಸರಿಯಲ್ಲ. ಅವರ ಪೂರ್ವಿಕರು ಮುಖ್ಯವಾಗಿ ಆಫ್ರಿಕಾದ ಪೂರ್ವ ಕರಾವಳಿಯವರು.

ಗಡಿ ಮೂಡಿದ್ದು

ಹದಿನೈದನೆಯ ಶತಮಾನದಲ್ಲಿ ಪೋರ್ಚುಗೀಸರು ಈ ನದಿಯ ಬಾಯಿಗೆ ಬಂದರು. 1661ರಲ್ಲಿ ಇಂಗ್ಲಿಷರು ನದಿಯ ನಡುವಿನ ಸಣ್ಣ ದ್ವೀಪದ ಕೋಟೆಯನ್ನು ವಶಪಡಿಸಿಕೊಂಡು ಅದನ್ನು ಜೇಮ್ಸ್ ದ್ವೀಪವೆಂದು ಕರೆದರು. ಮುಂದೆ ಒಂದೂವರೆ ಶತಮಾನ ಆ ನೀರಿನ ದಾರಿಯಲ್ಲಿ ಮನುಷ್ಯರನ್ನು ಸರಕಿನಂತೆ ಅಮೆರಿಕಕ್ಕೆ ಸಾಗಿಸಲಾಯಿತು. ಅಲೆಕ್ಸ್ ಹೇಲಿ 1976ರಲ್ಲಿ ಪ್ರಕಟಿಸಿದ 'ರೂಟ್ಸ್' ಕೃತಿಯ ನಾಯಕ ಕುಂಟಾ ಕಿಂಟೆ ಈ ದಡದ ಜುಫುರೆ ಹಳ್ಳಿಯವನು. ಹೇಲಿ ಹೇಳಿದ ವಂಶಾವಳಿಯ ವಿವರಗಳನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ, ನಿಜ. ಆದರೆ ವ್ಯಾಪಾರ ನಡೆದದ್ದಕ್ಕೆ ಕೋಟೆಯ ಪಾಳುಗೋಡೆಗಳೇ ಸಾಕ್ಷಿ. 2003ರಲ್ಲಿ ದ್ವೀಪ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; 2011ರಲ್ಲಿ ಅದಕ್ಕೆ ಕುಂಟಾ ಕಿಂಟೆ ದ್ವೀಪವೆಂದು ಮರುನಾಮಕರಣವಾಯಿತು.

1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1816ರಲ್ಲಿ ಆ ವ್ಯಾಪಾರವನ್ನು ತಡೆಯುವ ಸೈನಿಕ ನೆಲೆಯಾಗಿ ಬಾತರ್ಸ್ಟ್ ಪಟ್ಟಣ ಹುಟ್ಟಿತು. ಇಂದಿನ ಬಾಂಜುಲ್ ಅದೇ. ಸುತ್ತಲಿನ ವಿಶಾಲ ಪ್ರದೇಶವನ್ನು ಫ್ರೆಂಚರು ಆಕ್ರಮಿಸುತ್ತ ಬಂದರು. 1889ರಲ್ಲಿ ಎರಡೂ ಸಾಮ್ರಾಜ್ಯಗಳು ಒಪ್ಪಂದ ಮಾಡಿಕೊಂಡು, ನದಿಯ ಎರಡೂ ಬದಿಗೆ ಸುಮಾರು ಹತ್ತು ಹತ್ತು ಕಿಲೋಮೀಟರು ಬಿಟ್ಟು ಗೆರೆ ಎಳೆದವು. ಒಂದೇ ಭಾಷೆಯ, ಒಂದೇ ಮನೆತನದ ಜನ ಗೆರೆಯ ಆಚೆ ಈಚೆ ಉಳಿದರು. ಇಂದಿಗೂ ಒಬ್ಬ ಅಣ್ಣ ಶಾಲೆಯಲ್ಲಿ ಫ್ರೆಂಚ್ ಕಲಿತವನು, ತಮ್ಮ ಇಂಗ್ಲಿಷ್ ಕಲಿತವನು ಎನ್ನುವ ಕುಟುಂಬಗಳುಂಟು. ಕಾಸರಗೋಡು, ಅಕ್ಕಲಕೋಟೆಗಳ ಕನ್ನಡಿಗರಿಗೆ ಗಡಿರೇಖೆ ಬದುಕಿನೊಳಗೆ ಹಾಯುವ ಈ ಅನುಭವವನ್ನು ಬಿಡಿಸಿ ಹೇಳಬೇಕಿಲ್ಲ. ಸೆನೆಗಲ್ಲಿಗೆ ಈ ನಾಡು ಅಡ್ಡಗೋಡೆಯಾಯಿತು. ದೇಶದ ಉತ್ತರ ದಕ್ಷಿಣ ಭಾಗಗಳ ನಡುವೆ ಓಡಾಡುವ ಲಾರಿಗಳು ದೋಣಿಗಟ್ಟೆಯಲ್ಲಿ ದಿನಗಟ್ಟಲೆ ಕಾಯಬೇಕಿತ್ತು. 2019ರ ಜನವರಿಯಲ್ಲಿ ಫರಾಫೆನ್ನಿ ಬಳಿ ಸೆನೆಗ್ಯಾಂಬಿಯಾ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು.

ಜನ

ಜನಸಂಖ್ಯೆ ಸುಮಾರು 24 ಲಕ್ಷ. ಮಂಡಿಂಕಾ ಜನ ಮೂರನೆಯ ಒಂದು ಭಾಗದಷ್ಟಿದ್ದಾರೆ. ಬಳಿಕ ದನಗಾಹಿ ಪರಂಪರೆಯ ಫುಲಾ, ವ್ಯಾಪಾರದಲ್ಲಿ ಮುಂದಾದ ವೊಲೊಫ್, ಭತ್ತದ ಬೇಸಾಯಕ್ಕೆ ಹೆಸರಾದ ಜೋಲಾ, ಸೆರಹುಲೆ ಮುಂತಾದವರು. ಆಡಳಿತ ಭಾಷೆ ಇಂಗ್ಲಿಷ್. ಸಂತೆಗೆ ಹೋದವನು ಮೂರು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಮುಸ್ಲಿಮರು; ಸಣ್ಣ ಸಂಖ್ಯೆಯ ಕ್ರೈಸ್ತರೊಂದಿಗೆ ಹಬ್ಬದೂಟ ಹಂಚಿಕೊಳ್ಳುವ ವಾಡಿಕೆಯಿದೆ. ವೊಲೊಫ್ ಭಾಷೆಯಲ್ಲಿ 'ನಂಗ ದೆಫ್' ಎಂದು ಕ್ಷೇಮ ವಿಚಾರಿಸಿದರೆ ಬರುವ ಉತ್ತರ 'ಮಾಂಗಿ ಫಿ'. 'ಇಲ್ಲಿದ್ದೇನೆ' ಎಂದಷ್ಟೇ ಅದರ ಅರ್ಥ. ನನ್ನ ಸಹೋದ್ಯೋಗಿ ಪ್ರತಿ ಬೆಳಿಗ್ಗೆ ನನಗೆ ಹೇಳಿಕೊಡುತ್ತಿದ್ದ ಮಾತು ಇದು.

ಮಂಡಿಂಕಾ ಸಮಾಜದಲ್ಲಿ ಜಾಲಿ ಎಂಬ ಗಾಯಕ ಮನೆತನಗಳಿವೆ. ಇಪ್ಪತ್ತೊಂದು ತಂತಿಗಳ ಕೋರಾ ವಾದ್ಯ ನುಡಿಸುತ್ತ ಮನೆತನಗಳ ವಂಶಾವಳಿಯನ್ನೂ ಅರಸರ ಕಥೆಯನ್ನೂ ಬಾಯಿಪಾಠವಾಗಿ ಹಾಡುವುದು ಅವರ ಕುಲವೃತ್ತಿ. ಎತ್ತಿನ ಮೇಲೆ ಊರೂರು ತಿರುಗಿ ನಮ್ಮ ತಲೆಮಾರುಗಳನ್ನು ಎಣಿಸಿ ಹೇಳುತ್ತಿದ್ದ ಹೆಳವರನ್ನು ನೆನೆದರೆ ಇವರು ಯಾರೆಂಬುದು ಕೂಡಲೇ ಅರಿವಾದೀತು.

ದಕ್ಷಿಣ ಅಮೆರಿಕದಿಂದ ನಮಗೂ ಅವರಿಗೂ ಬಂದ ಶೇಂಗಾ ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿನ ಮುಖ್ಯ ರಫ್ತಿನ ಬೆಳೆ. ಶೇಂಗಾ ಅರೆದು ಮಾಡುವ ಡೊಮೊಡಾ ಎಂಬ ಗಟ್ಟಿ ಸಾರು ಅನ್ನದೊಡನೆ ಅವರ ನಿತ್ಯದ ಊಟ. ಆದರೆ ಒಂದೇ ಬೆಳೆಯನ್ನು ನೆಚ್ಚಿದ ನಾಡು ಬಡತನದಿಂದ ಹೊರಬರಲಿಲ್ಲ. ಚಳಿಗಾಲದಲ್ಲಿ ಬರುವ ಯೂರೋಪಿನ ಪ್ರವಾಸಿಗಳೂ ಹೊರದೇಶದಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣವೂ ಇಂದಿನ ಆಸರೆ. ಆ ಹಣ ರಾಷ್ಟ್ರೀಯ ಉತ್ಪನ್ನದ ಐದನೆಯ ಒಂದು ಭಾಗವನ್ನೂ ಮೀರುತ್ತದೆ. ಸಹಾರಾ, ಲಿಬಿಯಾ ದಾಟಿ ದೋಣಿಯೇರಿ ಯೂರೋಪಿಗೆ ಹೊರಡುವುದಕ್ಕೆ ಅಲ್ಲಿ 'ಹಿಂದಾರಿ' ಎಂಬರ್ಥದ ಹೆಸರೇ ಇದೆ. ಆ ದಾರಿಯಲ್ಲಿ ಸತ್ತ ತರುಣರ ಮನೆಗಳು ಹಳ್ಳಿ ಹಳ್ಳಿಯಲ್ಲೂ ಇವೆ.

ಆಡಳಿತ

1965ರ ಫೆಬ್ರವರಿ 18ರಂದು ದೇಶ ಸ್ವತಂತ್ರವಾಯಿತು, 1970ರಲ್ಲಿ ಗಣರಾಜ್ಯವಾಯಿತು. ಮೊದಲ ನಾಯಕ ದಾವ್ದಾ ಜಾವರಾ ಗ್ಲಾಸ್ಗೋದಲ್ಲಿ ಓದಿದ ಪಶುವೈದ್ಯ. 1981ರಲ್ಲಿ ಅವರು ಯುವರಾಜ ಚಾರ್ಲ್ಸರ ಮದುವೆಗೆಂದು ಲಂಡನ್ನಿಗೆ ಬಂದಿದ್ದಾಗ ಊರಲ್ಲಿ ದಂಗೆಯಾಯಿತು. ಸೆನೆಗಲ್ ಸೇನೆ ಅದನ್ನು ಅಡಗಿಸಿತು. ಮರುವರ್ಷ ಎರಡು ದೇಶಗಳು ಸೇರಿ ರಚಿಸಿದ ಒಕ್ಕೂಟ 1989ರಲ್ಲಿ ಮುರಿಯಿತು. 1994ರ ಜುಲೈಯಲ್ಲಿ ಯಾಹ್ಯಾ ಜಾಮೆ ಎಂಬ ಯುವ ಸೇನಾಧಿಕಾರಿ ಅಧಿಕಾರ ಕಸಿದುಕೊಂಡು ಇಪ್ಪತ್ತೆರಡು ವರ್ಷ ಆಳಿದ. ಪತ್ರಕರ್ತರೂ ವಿರೋಧಿಗಳೂ ಕಾಣೆಯಾದ ಕಾಲ ಅದು. 2007ರಲ್ಲಿ ಆತ ಗಿಡಮೂಲಿಕೆಯಿಂದ ತಾನೇ ಏಡ್ಸ್ ಗುಣಪಡಿಸುವೆನೆಂದು ಸಾರಿ, ರೋಗಿಗಳ ನಿಜವಾದ ಔಷಧಗಳನ್ನು ನಿಲ್ಲಿಸಿದ. ಅಧಿಕಾರ ಮತ್ತು ಅಜ್ಞಾನ ಒಂದಾದರೆ ರೋಗಿಗೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನವನ್ನು ನಾನು ಕಾಣೆ.

ಅವನನ್ನು ಇಳಿಸಿದ್ದು ಗೋಲಿಗಳು. ಬಂದೂಕಿನವಲ್ಲ, ಮಕ್ಕಳು ಆಡುವಂಥ ಗಾಜಿನವು. ಅಕ್ಷರ ಬಾರದವರಿಗೂ ಗುಟ್ಟಾಗಿ ಮತ ಹಾಕಲು ಸಾಧ್ಯವಾಗಲೆಂದು 1960ರ ದಶಕದಿಂದ ನಡೆದು ಬಂದ ಕ್ರಮವಿದು. ಪ್ರತಿ ಅಭ್ಯರ್ಥಿಗೂ ಅವರ ಬಣ್ಣ ಬಳಿದು ಚಿತ್ರ ಅಂಟಿಸಿದ ಒಂದೊಂದು ಡಬ್ಬ. ಮತದಾರ ಕೊಳವೆಯ ಮೂಲಕ ಗೋಲಿ ಬಿಟ್ಟರೆ ಒಳಗಿನ ಗಂಟೆ ಒಮ್ಮೆ ಬಾರಿಸುತ್ತದೆ. ಎರಡು ಬಾರಿ ಬಾರಿಸಿದರೆ ಮೋಸ ಕೂಡಲೇ ಬಯಲು. 2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ಅಡಾಮಾ ಬ್ಯಾರೋ ಗೆದ್ದರು. ಹಿಂದೊಮ್ಮೆ ಇದೇ ಲಂಡನ್ನಿನ ಅಂಗಡಿಯೊಂದರಲ್ಲಿ ಕಾವಲುಗಾರರಾಗಿದ್ದವರು. ಮೊದಲು ಸೋಲೊಪ್ಪಿದ ಜಾಮೆ ವಾರದೊಳಗೆ ಮಾತು ಬದಲಿಸಿದ. ಬ್ಯಾರೋ 2017ರ ಜನವರಿ 19ರಂದು ಸೆನೆಗಲ್ಲಿನ ಡಕಾರ್‌ನಲ್ಲಿರುವ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಬೇಕಾಯಿತು. ನೆರೆರಾಷ್ಟ್ರಗಳ ಸೇನೆ ಗಡಿಗೆ ಬಂದ ಮೇಲಷ್ಟೇ ಜಾಮೆ ದೇಶ ಬಿಟ್ಟ.

ರಾಷ್ಟ್ರಾಧ್ಯಕ್ಷರ ಅವಧಿ ಐದು ವರ್ಷ. 58 ಸದಸ್ಯರ ರಾಷ್ಟ್ರೀಯ ಸಭೆಯಲ್ಲಿ 53 ಮಂದಿ ಚುನಾಯಿತರು, ಐವರು ನಾಮಕರಣಗೊಂಡವರು. ಹಳ್ಳಿಯ ಮಟ್ಟದಲ್ಲಿ ನಮ್ಮ ಹಿಂದಿನ ಪಟೇಲರಂತೆ 'ಅಲ್ಕಾಲೊ' ಇದ್ದಾರೆ. 2019ರಲ್ಲಿ ಈ ಚಿಕ್ಕ ದೇಶ ರೋಹಿಂಗ್ಯಾ ಜನರ ಪರವಾಗಿ ಮ್ಯಾನ್ಮಾರ್ ವಿರುದ್ಧ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಹಿರಿಯ ರಾಷ್ಟ್ರಗಳು ಮಾಡದ ಕೆಲಸವದು.

ಆರೋಗ್ಯ: ಕೊಟ್ಟದ್ದು ಮತ್ತು ಪಡೆದದ್ದು

1947ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಬಾಂಜುಲ್ ಸಮೀಪದ ಫಜಾರಾದಲ್ಲಿ ಪ್ರಯೋಗಾಲಯ ತೆರೆಯಿತು. 2018ರಿಂದ ಅದು ಲಂಡನ್ನಿನ ಸ್ವಚ್ಛತೆ ಮತ್ತು ಉಷ್ಣವಲಯ ವೈದ್ಯಕೀಯ ಶಾಲೆಯ ಅಂಗವಾಗಿದೆ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆ ಮಕ್ಕಳ ಸಾವನ್ನು ಇಳಿಸುತ್ತದೆಂಬ ಮೊದಲ ಬಲವಾದ ಪುರಾವೆ 1991ರಲ್ಲಿ ಬಂದದ್ದು ಈ ನಾಡಿನಿಂದ. 1990ರ ದಶಕದಲ್ಲಿ ನಲವತ್ತೆರಡು ಸಾವಿರಕ್ಕೂ ಮಿಕ್ಕ ಗ್ಯಾಂಬಿಯಾ ಕೂಸುಗಳು ಹಿಬ್ ಲಸಿಕೆಯ ಪ್ರಯೋಗದಲ್ಲಿ ಭಾಗಿಗಳಾದವು. ಆ ರೋಗಾಣುವಿನ ಮಿದುಳುಪೊರೆಯುರಿತವನ್ನು ಬಡ ದೇಶಗಳಲ್ಲೂ ಬಹುತೇಕ ಅಳಿಸಬಹುದೆಂದು ಆಗ ತಿಳಿಯಿತು. ನ್ಯೂಮೊಕಾಕಸ್ ಲಸಿಕೆ ಮಕ್ಕಳ ಒಟ್ಟು ಸಾವಿನ ಪ್ರಮಾಣವನ್ನು ನೂರಕ್ಕೆ ಹದಿನಾರರಷ್ಟು ಇಳಿಸಿತೆಂಬುದು 2005ರಲ್ಲಿ ಅಲ್ಲಿಂದಲೇ ಬಂದ ವರದಿ.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಿದ್ದಾಗ ಮಕ್ಕಳ ವಾರ್ಡಿನಲ್ಲಿ ಮಿದುಳುಪೊರೆಯುರಿತದಿಂದ ಬದುಕುಳಿದು ಕಿವುಡಾದ ಕೂಸುಗಳನ್ನು ಕಂಡಿದ್ದೇನೆ. ಇಂದು ಭಾರತದ ಮಕ್ಕಳಿಗೆ ಸರಕಾರ ಉಚಿತವಾಗಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹಿಬ್ ಸೇರಿದೆ; ನ್ಯೂಮೊಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಎರಡರ ಹಿಂದೆಯೂ ಗ್ಯಾಂಬಿಯಾದ ತಾಯಂದಿರು ಮುಂದೊಡ್ಡಿದ ಮಕ್ಕಳ ತೋಳುಗಳಿವೆ.

ಪ್ರತಿಯಾಗಿ ನಮ್ಮಿಂದ ಹೋದದ್ದೇನು? 2022ರ ಮಳೆಗಾಲದಲ್ಲಿ ಅಲ್ಲಿನ ಎಳೆಯ ಮಕ್ಕಳಿಗೆ ಜ್ವರ, ವಾಂತಿ ಬಂದು ಮೂತ್ರ ಕಟ್ಟತೊಡಗಿತು. ಸುಮಾರು ಎಪ್ಪತ್ತು ಮಕ್ಕಳು, ಹೆಚ್ಚಿನವರು ಐದು ವರ್ಷದೊಳಗಿನವರು, ಮೂತ್ರಪಿಂಡ ಸೋತು ಸತ್ತರು. ಅಕ್ಟೋಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಹರಿಯಾಣದ ಕಂಪೆನಿಯೊಂದರ ನಾಲ್ಕು ಸಿರಪ್ಪುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ವಿಷಗಳು ಪತ್ತೆಯಾಗಿವೆಯೆಂದು ಎಚ್ಚರಿಸಿತು. ಕಂಪೆನಿ ಆರೋಪವನ್ನು ನಿರಾಕರಿಸಿತು. ತಾನು ಪರೀಕ್ಷಿಸಿದ ಮಾದರಿಗಳಲ್ಲಿ ದೋಷವಿರಲಿಲ್ಲವೆಂದು ಭಾರತ ಸರಕಾರ ಹೇಳಿತು. ಸಂಸ್ಥೆ ತನ್ನ ಮಾತಿಗೆ ಬದ್ಧವಾಗಿ ನಿಂತಿತು. ಈ ವಿಷ ಹೊಸತಲ್ಲ. ಸಿರಪ್ಪಿಗೆ ಬಳಸುವ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಜಾಗಕ್ಕೆ ಅಗ್ಗದ ಕೈಗಾರಿಕಾ ದ್ರವ ನುಸುಳಿದಾಗ ಹೀಗಾಗುತ್ತದೆ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ, 1986ರಲ್ಲಿ ಮುಂಬಯಿಯಲ್ಲಿ ಹಲವರು ಇದರಿಂದಲೇ ಸತ್ತರು. ಪತ್ತೆ ಹಚ್ಚುವ ಪರೀಕ್ಷೆ ಕಷ್ಟದ್ದಲ್ಲ. ಆದರೆ ಗ್ಯಾಂಬಿಯಾದಲ್ಲಿ ಔಷಧ ಪರೀಕ್ಷಿಸುವ ಪ್ರಯೋಗಾಲಯವೇ ಇರಲಿಲ್ಲ. ಕಳಿಸುವವರ ಪ್ರಾಮಾಣಿಕತೆಯೇ ಅವರ ಏಕೈಕ ರಕ್ಷಣೆಯಾಗಿತ್ತು. 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್ಪುಗಳನ್ನು ಮೊದಲು ಪರೀಕ್ಷಿಸಬೇಕೆಂದು ಭಾರತ ಕಡ್ಡಾಯ ಮಾಡಿದೆ. ಆ ಮಕ್ಕಳ ಪಾಲಿಗೆ ಅದು ತಡವಾಗಿ ಬಂದ ನಿಯಮ.

ಚಳಿಗಾಲದ ರಜೆಗೆ ಅಲ್ಲಿಗೆ ಹೋಗುವ ಇಲ್ಲಿನ ಕನ್ನಡಿಗರಿಗೆ ವೈದ್ಯನಾಗಿ ಒಂದು ಸೂಚನೆ. ಮಲೇರಿಯಾ ತಡೆಯುವ ಮಾತ್ರೆಗಳನ್ನು ಬಿಡದೆ ತೆಗೆದುಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಗ್ಯಾಂಬಿಯಾ ಬಿಟ್ಟ ಆರು ದಿನಗಳೊಳಗೆ ಅದಿಲ್ಲದೆ ಭಾರತದಲ್ಲಿ ಇಳಿದರೆ ಪ್ರತ್ಯೇಕ ನಿಗಾದಲ್ಲಿ ಉಳಿಯಬೇಕಾದೀತು.

ನನ್ನ ಸಹೋದ್ಯೋಗಿ ಈಗ ನಿವೃತ್ತರಾಗಿ ಸೆರೆಕುಂಡಾಕ್ಕೆ ಮರಳಿದ್ದಾರೆ. ಹಬ್ಬಗಳಂದು ಫೋನಿನಲ್ಲಿ ಮಾತಾಡುತ್ತೇವೆ. 'ನಂಗ ದೆಫ್' ಎಂದು ನಾನು ಕೇಳುತ್ತೇನೆ. 'ಮಾಂಗಿ ಫಿ' ಎನ್ನುತ್ತಾರೆ ಅವರು. ಅಂದು ಅವರು ಕೇಳಿದ ಪ್ರಶ್ನೆಯನ್ನು ಇಬ್ಬರೂ ಮತ್ತೆ ಎತ್ತಿಲ್ಲ. ಆದರೆ ಅವರ ನಾಡಿಗೆ ನಾವು ತೀರಿಸಬೇಕಾದ ಋಣ ಎಷ್ಟೆಂಬುದು ಈಗ ನನಗೆ ಗೊತ್ತಿದೆ.