ಹೈದರಾಬಾದ್‌ನಲ್ಲಿ ಓಡಿದ ಫಾರ್ಮುಲಾ ಇ ಕಾರು: 9 ವರ್ಷಗಳಲ್ಲಿ ತೂಕ ಇಳಿದು, ವೇಗ ಏರಿದ್ದು ಹೇಗೆ?

2023ರ ಫೆಬ್ರವರಿ 11ರಂದು ಹೈದರಾಬಾದ್‌ನ ಹುಸೇನ್ ಸಾಗರದ ದಡದಲ್ಲಿ ಭಾರತದ ಮೊದಲ ಫಾರ್ಮುಲಾ ಇ ರೇಸ್ ನಡೆಯಿತು. ನಗರದ ರಸ್ತೆಗಳನ್ನೇ ಬಳಸಿ ರೂಪಿಸಿದ ಸುಮಾರು 2.83 ಕಿ.ಮೀ. ಉದ್ದದ, 18 ತಿರುವುಗಳ ಟ್ರ್ಯಾಕ್‌ನಲ್ಲಿ ಅಂದು ಓಡಿದ್ದು 'ಜೆನ್ 3', ಅಂದರೆ ಈ ಸರಣಿಯ ಮೂರನೇ ತಲೆಮಾರಿನ ಎಲೆಕ್ಟ್ರಿಕ್ ಕಾರು. ಹಿಂದಿನ ಕಾರಿಗಿಂತ ಇದರ ಶಕ್ತಿ ಹೆಚ್ಚು, ತೂಕ ಕಡಿಮೆ.

ಎಲೆಕ್ಟ್ರಿಕ್ ವಾಹನಗಳಲ್ಲಿ ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ. ಹೆಚ್ಚು ದೂರ ಹೋಗಬೇಕೆಂದರೆ ದೊಡ್ಡ ಬ್ಯಾಟರಿ ಬೇಕು, ಬ್ಯಾಟರಿ ದೊಡ್ಡದಾದರೆ ಕಾರಿನ ತೂಕವೂ ಏರುತ್ತದೆ. ಫಾರ್ಮುಲಾ ಇ ಎಂಜಿನಿಯರ್‌ಗಳು ಈ ಸಮಸ್ಯೆಗೆ ಉತ್ತರ ಕಂಡುಕೊಂಡಿದ್ದು ಹೇಗೆ ಎಂಬುದರ ವಿವರ ಇಲ್ಲಿದೆ.

ಜೆನ್ 1: ಒಂದು ರೇಸ್‌ಗೆ ಎರಡು ಕಾರು

ಫಾರ್ಮುಲಾ ಇ ಮೊದಲ ರೇಸ್ 2014ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ನಡೆಯಿತು. ಆಗಿನ ಕಾರಿನ ಬ್ಯಾಟರಿ ಸಾಮರ್ಥ್ಯ 28 ಕಿಲೋವ್ಯಾಟ್ ಅವರ್ ಮಾತ್ರ. ಗರಿಷ್ಠ ಶಕ್ತಿ 200 ಕಿಲೋವ್ಯಾಟ್, ಗರಿಷ್ಠ ವೇಗ ಗಂಟೆಗೆ ಸುಮಾರು 225 ಕಿ.ಮೀ. ಒಂದೇ ಚಾರ್ಜ್‌ನಲ್ಲಿ ಪೂರ್ತಿ ರೇಸ್ ಮುಗಿಸಲು ಆಗುತ್ತಿರಲಿಲ್ಲ. ಹೀಗಾಗಿ ಚಾಲಕರು ಅರ್ಧದಲ್ಲೇ ಪಿಟ್‌ಗೆ ಬಂದು, ಚಾರ್ಜ್ ಆಗಿದ್ದ ಇನ್ನೊಂದು ಕಾರಿಗೆ ಹತ್ತುತ್ತಿದ್ದರು. ನಾಲ್ಕು ಸೀಸನ್‌ಗಳಲ್ಲಿ ಹೀಗೆಯೇ ನಡೆಯಿತು.

ಜೆನ್ 2: ಬ್ಯಾಟರಿ ದುಪ್ಪಟ್ಟು

2018ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಎರಡನೇ ತಲೆಮಾರಿನ ಕಾರು ರೇಸ್‌ಗೆ ಇಳಿಯಿತು. ಬ್ಯಾಟರಿ 54 ಕಿಲೋವ್ಯಾಟ್ ಅವರ್‌ಗೆ ಏರಿದ್ದರಿಂದ ಕಾರು ಬದಲಿಸುವ ಕಷ್ಟ ತಪ್ಪಿತು. ಶಕ್ತಿ 250 ಕಿಲೋವ್ಯಾಟ್‌ಗೆ, ವೇಗ 280 ಕಿ.ಮೀ.ಗೆ ತಲುಪಿತು. ಚಾಲಕರ ತಲೆಯ ರಕ್ಷಣೆಗೆ 'ಹೇಲೋ' ಚೌಕಟ್ಟೂ ಬಂತು. ಆದರೆ ಬ್ಯಾಟರಿಯ ತೂಕವೇ 385 ಕೆಜಿ. ಚಾಲಕ ಸೇರಿ ಕಾರಿನ ಕನಿಷ್ಠ ತೂಕ 900 ಕೆಜಿ ಆಯಿತು.

ಜೆನ್ 3: ಬ್ರೇಕ್ ಹಾಕಿದರೆ ಚಾರ್ಜ್

ಹೈದರಾಬಾದ್‌ಗೆ ಬಂದ ಕಾರಿನಲ್ಲಿ ಲೆಕ್ಕಾಚಾರವೇ ಬದಲಾಗಿತ್ತು. ದೊಡ್ಡ ಬ್ಯಾಟರಿ ಹೊರುವ ಬದಲು, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನೇ ವಿದ್ಯುತ್ತಾಗಿ ವಾಪಸ್ ಪಡೆಯುವುದಕ್ಕೆ ಒತ್ತು ಸಿಕ್ಕಿತು. ಇದಕ್ಕಾಗಿ ಮುಂದಿನ ಚಕ್ರಗಳಿಗೂ ಒಂದು ಮೋಟಾರ್ ಜೋಡಿಸಲಾಯಿತು. ಮುಂದೆ 250, ಹಿಂದೆ 350, ಒಟ್ಟು 600 ಕಿಲೋವ್ಯಾಟ್ ಪ್ರಮಾಣದಲ್ಲಿ ಶಕ್ತಿ ಮರಳಿ ಪಡೆಯಬಹುದು. ರೇಸ್‌ನಲ್ಲಿ ಬಳಸುವ ಶಕ್ತಿಯ ಶೇ. 40ಕ್ಕಿಂತ ಹೆಚ್ಚು ಹೀಗೆ ಸಿಗುತ್ತದೆ ಎಂಬುದು ಆಯೋಜಕರ ಲೆಕ್ಕ.

ಪರಿಣಾಮವಾಗಿ ಬ್ಯಾಟರಿ ಚಿಕ್ಕದಾಗಿ, ಸುಮಾರು 100 ಕೆಜಿ ಹಗುರವಾಯಿತು. ಕಾರಿನ ಉದ್ದ, ಅಗಲ ಎರಡೂ ತಗ್ಗಿದವು. ಬಿಡುಗಡೆ ವೇಳೆ ಘೋಷಿಸಿದ ತೂಕ ಚಾಲಕ ಸೇರಿ 840 ಕೆಜಿ. ಶಕ್ತಿ ಮಾತ್ರ 350 ಕಿಲೋವ್ಯಾಟ್‌ಗೆ, ಗರಿಷ್ಠ ವೇಗ 320 ಕಿ.ಮೀ.ಗೆ ಏರಿತು. ಹಿಂದಿನ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಇಲ್ಲದೆಯೇ ಕಾರನ್ನು ವಿನ್ಯಾಸ ಮಾಡಲಾಗಿತ್ತು. ಪರೀಕ್ಷೆ ವೇಳೆ ಸುರಕ್ಷತೆಯ ಪ್ರಶ್ನೆ ಎದ್ದ ಬಳಿಕ ತುರ್ತು ಬ್ರೇಕ್ ವ್ಯವಸ್ಥೆ ಸೇರಿಸಲಾಯಿತು.

ಶಕ್ತಿ ಉಳಿಸುವುದು ಎಷ್ಟು ಮುಖ್ಯ ಎಂಬುದು ಹೈದರಾಬಾದ್‌ನಲ್ಲೇ ಕಂಡಿತು. ಕೊನೆಯ ಲ್ಯಾಪ್‌ಗಳಲ್ಲಿ ಜೀನ್ ಎರಿಕ್ ವರ್ನ್ ಬಳಿ, ಬೆನ್ನಟ್ಟಿದ್ದ ನಿಕ್ ಕ್ಯಾಸಿಡಿಗಿಂತ ಕಡಿಮೆ ಚಾರ್ಜ್ ಉಳಿದಿತ್ತು. ಆದರೂ ದಾರಿ ಬಿಡದೆ ವರ್ನ್ ಗೆದ್ದರು. ಅಂಟೋನಿಯೊ ಫೆಲಿಕ್ಸ್ ಡ ಕೋಸ್ಟಾ ಮೂರನೇ ಸ್ಥಾನ ಪಡೆದರು. ಮೊದಲ ಸೀಸನ್‌ನಿಂದಲೂ ಕಣದಲ್ಲಿರುವ ಭಾರತದ ಮಹೀಂದ್ರಾ ರೇಸಿಂಗ್‌ಗೆ ಇದು ತವರಿನ ಮೊದಲ ರೇಸ್.

ಮುಂದೇನು?

2024ರ ಡಿಸೆಂಬರ್‌ನಲ್ಲಿ ಬಂದ 'ಜೆನ್ 3 ಇವೊ' ಕಾರಿನಲ್ಲಿ ಮುಂದಿನ ಮೋಟಾರ್ ಕೂಡ ರೇಸ್‌ನ ಕೆಲ ಹಂತಗಳಲ್ಲಿ ಚಕ್ರ ತಿರುಗಿಸುತ್ತದೆ. ಸೊನ್ನೆಯಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ ಬೇಕಾದ ಸಮಯ 1.82 ಸೆಕೆಂಡ್ ಎಂದು ಆಯೋಜಕರು ಹೇಳಿದ್ದಾರೆ. 2026-27ರ ಸೀಸನ್‌ಗೆಂದು ರೂಪಿಸಿರುವ ಜೆನ್ 4 ಕಾರಿನ ಗರಿಷ್ಠ ಶಕ್ತಿ 600 ಕಿಲೋವ್ಯಾಟ್. ಆದರೆ ಅದರ ತೂಕ ಮತ್ತೆ ಏರಿದೆ.

ಹೈದರಾಬಾದ್‌ಗೆ ಮಾತ್ರ ಈ ಕಾರುಗಳು ಮರಳಿ ಬರಲಿಲ್ಲ. 2024ರ ಫೆಬ್ರವರಿಗೆ ನಿಗದಿಯಾಗಿದ್ದ ಎರಡನೇ ರೇಸ್, ತೆಲಂಗಾಣದಲ್ಲಿ ಸರ್ಕಾರ ಬದಲಾದ ನಂತರ ರದ್ದಾಯಿತು. ಆತಿಥೇಯ ನಗರದ ಒಪ್ಪಂದ ಪಾಲನೆಯಾಗಿಲ್ಲ ಎಂಬುದು ಆಯೋಜಕರು ನೀಡಿದ ಕಾರಣ.