ಬಿದಿರಿನ ಬಿಳಿ ಹಿಟ್ಟಿಗೆ ಹೆಸರು ಹುಡುಕಿದವರು

ಬಿದಿರಿನ ಗೆಣ್ಣನ್ನು ಸುತ್ತಿಕೊಂಡಿರುವ ಒಣ ಪೊರೆಯನ್ನು ಬಿಡಿಸಿದಾಗ ಕೆಲವೊಮ್ಮೆ ಒಳಗೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುತ್ತದೆ. ಬೂಷ್ಟು ಹಿಡಿದಿದೆ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಕಡ್ಡಿಯಿಂದ ಕೆದಕಿ ನೋಡಿದರೆ ಹಿಟ್ಟಿನ ಅಡಿಯಲ್ಲಿ ನೇರಳೆ ಮಿಶ್ರಿತ ಕಂದು ಬಣ್ಣದ, 3-4 ಮಿಲಿಮೀಟರ್ ಉದ್ದದ ಪುಟ್ಟ ಚೀಲಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಅವಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ತಲೆ ಯಾವುದು, ಬಾಲ ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಇದೊಂದು ಕೀಟ ಎಂದು ನೋಡಿದವರನ್ನು ನಂಬಿಸುವುದೇ ಕಷ್ಟ. ಇದು ಯಾವ ಕೀಟ ಎಂದು ನಿಶ್ಚಯಿಸುವುದಂತೂ ಇನ್ನೂ ಕಷ್ಟ. ಆ ಕಷ್ಟವನ್ನು ಬಗೆಹರಿಸಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದಿವೆ.

ಕನ್ನಡ ನಾಡಿನ ರೈತರು ಹಿಟ್ಟು ತಿಗಣೆ ಎಂದು ಕರೆಯುವ ಕೀಟಗಳ ಕುಟುಂಬಕ್ಕೆ ಸೇರಿದ್ದು ಇದು. ದಾಸವಾಳ, ಪಪ್ಪಾಯಿ, ದ್ರಾಕ್ಷಿ, ಕಾಫಿ ಗಿಡಗಳ ಮೇಲೆ ಕಾಣುವ ಹಿಟ್ಟು ತಿಗಣೆಗೆ ಆರು ಕಾಲುಗಳಿವೆ, ಅದು ನಿಧಾನವಾಗಿ ನಡೆಯುತ್ತದೆ. ಬಿದಿರಿನ ಪೊರೆಯಡಿ ಬದುಕುವ ಆಂಟೊನೈನಾ ಎಂಬ ಗುಂಪಿನದು ಬೇರೆಯೇ ಬಾಳು. ಮೊಟ್ಟೆಯೊಡೆದ ಮರಿಗೆ ಕಾಲುಗಳಿರುತ್ತವೆ. ಅದು ಹರಿದಾಡಿ ಪೊರೆಯ ಸಂದಿಯೊಂದನ್ನು ಹುಡುಕಿಕೊಳ್ಳುತ್ತದೆ, ದಾರದಂಥ ಮೂತಿಯನ್ನು ಬಿದಿರಿನೊಳಕ್ಕೆ ಇಳಿಸುತ್ತದೆ, ಅಲ್ಲಿಗೆ ಅದರ ಪ್ರಯಾಣ ಮುಗಿಯಿತು. ಮುಂದೆ ಪೊರೆ ಕಳಚಿದಾಗ ಕಾಲುಗಳೂ ಹೋಗುತ್ತವೆ. ಬಳಿಕ ಮೇಣದ ಗೂಡೊಂದನ್ನು ತನ್ನ ಸುತ್ತ ತಾನೇ ಸುರಿಸಿಕೊಂಡು, ಹಿಂಬದಿಯಿಂದ ಮೇಣದ ಸಣ್ಣ ಕೊಳವೆಯೊಂದನ್ನು ಹೊರಕ್ಕೆ ಚಾಚುತ್ತದೆ. ಹೀರಿದ ರಸದಲ್ಲಿ ಹೆಚ್ಚಾದ ಸಿಹಿ ನೀರು ಆ ಕೊಳವೆಯಿಂದ ಹೊರಬೀಳುತ್ತದೆ. ಅದನ್ನು ನೆಕ್ಕಲು ಇರುವೆಗಳು ಬರುತ್ತವೆ. ಉಳಿದ ಸಿಹಿಯ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ.

ಪೊರೆಯ ಮರೆಯಲ್ಲಿ ಅಡಗಿ ಕುಳಿತ ಈ ಕೀಟ ಬಿದಿರಿನ ಬೇರುಗಡ್ಡೆಯ ಜೊತೆ ಹಡಗು ಹತ್ತಿ ದೇಶಾಂತರ ಹೋಗುವುದು ಬಲು ಸುಲಭ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಏಷ್ಯಾದ ಬಿದಿರು ಯೂರೋಪು, ಅಮೆರಿಕಗಳ ಉದ್ಯಾನಗಳಿಗೆ ಅಲಂಕಾರದ ಗಿಡವಾಗಿ ಹೋಯಿತು. ಅದರೊಂದಿಗೆ ತಿಗಣೆಯೂ ಹೋಯಿತು. ವಿಜ್ಞಾನಿಗಳಿಗೆ ಈ ಗುಂಪಿನ ಪರಿಚಯವಾದದ್ದು ಹೆಚ್ಚಾಗಿ ಹೀಗೆ, ಕೀಟದ ತವರಿನಲ್ಲಲ್ಲ, ಅದು ಹೋಗಿ ಸೇರಿದ ಊರಿನಲ್ಲಿ.

ಆಂಟೊನೈನಾ ಎಂಬ ಕುಲನಾಮವನ್ನು 1875ರಲ್ಲಿ ಕೊಟ್ಟವನು ಫ್ರಾನ್ಸಿನ ವಿಕ್ಟರ್ ಸಿನ್ಯೋರೆ. ಅವನು ನೋಡಿದ್ದು ಬಿದಿರಿನ ಕೀಟವನ್ನಲ್ಲ, ಹುಲ್ಲಿನ ಮೇಲಿದ್ದುದನ್ನು. ಬಿದಿರೂ ಹುಲ್ಲಿನ ಜಾತಿಯೇ ಆದ್ದರಿಂದ ಈ ನೆಂಟಸ್ತಿಕೆಯಲ್ಲಿ ಆಶ್ಚರ್ಯವೇನಿಲ್ಲ. ಬಿದಿರಿನ ಕೀಟದ ಕಡೆಗೆ ಮೊದಲು ಗಮನ ಹರಿಸಿದವರಲ್ಲಿ ವಿಲಿಯಂ ಮೈಲ್ಸ್ ಮ್ಯಾಸ್ಕೆಲ್ ಒಬ್ಬ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿಗೆ ವಲಸೆ ಹೋದ ಈತ ಮೊದಲು ಜಮೀನು, ರಾಜಕೀಯ ಎಂದು ಓಡಾಡಿ, ನಂತರ ಅಲ್ಲಿನ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆದವನು. ಕೀಟಶಾಸ್ತ್ರ ಅವನ ಹೊಟ್ಟೆಪಾಡಲ್ಲ, ಬಿಡುವಿನ ವೇಳೆಯ ಹುಚ್ಚು. ಆದರೂ ಜಗತ್ತಿನ ಮೂಲೆಮೂಲೆಗಳಿಂದ ಜನ ಅವನಿಗೆ ಕೀಟ ಹತ್ತಿದ ಕಡ್ಡಿ, ಎಲೆಗಳನ್ನು ಟಪಾಲಿನಲ್ಲಿ ಕಳಿಸುತ್ತಿದ್ದರು. ಹವಾಯಿ ದ್ವೀಪದಿಂದ ಬಂದ ಬಿದಿರಿನ ಕೀಟವೊಂದಕ್ಕೆ 1893ರಲ್ಲಿ ಅವನು ‘ಬಾಂಬೂಸೆ’ ಎಂದೂ, ಹಾಂಗ್‌ಕಾಂಗಿನಿಂದ ಬಂದ ಹುಲ್ಲಿನ ಕೀಟವೊಂದಕ್ಕೆ 1897ರಲ್ಲಿ ‘ಗ್ರಾಮಿನಿಸ್’ ಎಂದೂ ಹೆಸರಿಟ್ಟ. ಎರಡನ್ನೂ ಸ್ಫೆರೊಕಾಕಸ್ ಎಂಬ ತನ್ನದೇ ಕುಲಕ್ಕೆ ಸೇರಿಸಿದ. ಗುಂಡಗಿನ ಕೀಟ ಎಂಬಷ್ಟೇ ಅದರ ಅರ್ಥ. ಕಾಲಿಲ್ಲದೆ ಗುಂಡಗೆ ಕಂಡದ್ದೆಲ್ಲ ಒಂದೇ ಬುಟ್ಟಿಗೆ ಬಿತ್ತು.

1900ರಲ್ಲಿ ಟಿ.ಡಿ.ಎ. ಕಾಕರೆಲ್ ಎಂಬ ವಿಜ್ಞಾನಿ ಬಿದಿರಿನ ಇನ್ನೊಂದು ತಿಗಣೆಗೆ ಆಂಟೊನೈನಾ ಕ್ರಾವಿ ಎಂದು ಹೆಸರಿಟ್ಟ. ಕ್ಯಾಲಿಫೋರ್ನಿಯಾದ ಬಂದರಿನಲ್ಲಿ ಹೊರದೇಶದ ಗಿಡಗಳನ್ನು ತಪಾಸಣೆ ಮಾಡುತ್ತಿದ್ದ ಅಲೆಕ್ಸಾಂಡರ್ ಕ್ರಾ ಎಂಬ ಅಧಿಕಾರಿಯ ನೆನಪಿಗೆ ಇಟ್ಟ ಹೆಸರದು. ಕಸ್ಟಮ್ಸ್ ಕಟ್ಟೆಯಲ್ಲಿ ಹೆಸರು ಪಡೆದ ಕೀಟ ಎನ್ನಬಹುದು!

ಈ ಮೊದಲ ತಲೆಮಾರಿನವರ ಶ್ರದ್ಧೆ ದೊಡ್ಡದು, ಆದರೆ ಅವರ ವರ್ಣನೆಗಳು ಇಂದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮೇಣದ ಬಣ್ಣ, ಗೂಡಿನ ಆಕಾರ, ಮೈಯ ಉದ್ದ, ಯಾವ ಗಿಡದ ಮೇಲೆ ಸಿಕ್ಕಿತು, ಇಷ್ಟನ್ನೇ ಅವರು ಮುಖ್ಯವಾಗಿ ಬರೆದರು. ಮೇಣ ಮಳೆಗೆ ತೊಳೆದುಹೋಗುತ್ತದೆ. ಆಕಾರ ಕುಳಿತ ಸಂದಿಯ ಇಕ್ಕಟ್ಟಿಗೆ ತಕ್ಕಂತೆ ಬದಲಾಗುತ್ತದೆ. ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ. ಹೀಗಾಗಿ ಒಂದೇ ಕೀಟಕ್ಕೆ ಎರಡು ಮೂರು ಹೆಸರು, ಬೇರೆ ಬೇರೆ ಕೀಟಗಳಿಗೆ ಒಂದೇ ಹೆಸರು ಎಂಬಂತಾಯಿತು. ಸಿಲೋನಿನಲ್ಲಿ ಸರ್ಕಾರಿ ಕೀಟತಜ್ಞನಾಗಿದ್ದ ಇ.ಇ. ಗ್ರೀನ್ 1908ರಲ್ಲಿ ಭಾರತದ ಹುಲ್ಲಿನ ತಿಗಣೆಯೊಂದಕ್ಕೆ ಆಂಟೊನೈನಾ ಇಂಡಿಕಾ ಎಂದು ಹೆಸರು ಕೊಟ್ಟ. ಅದು ಮ್ಯಾಸ್ಕೆಲ್‌ನ ಹಾಂಗ್‌ಕಾಂಗ್ ಕೀಟವೇ ಎಂದು ಗೊತ್ತಾದದ್ದು ಆಮೇಲೆ.

ಈ ಗೊಂದಲಕ್ಕೆ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಿ.ಎಫ್. ಫೆರಿಸ್. ಹೊರಗಿನ ಹಿಟ್ಟನ್ನೂ ಗೂಡನ್ನೂ ಬಿಟ್ಟು ಚರ್ಮವನ್ನು ನೋಡಿ ಎಂಬುದು ಅವನ ಹಟ. ಕೆಲಸದ ಕ್ರಮ ಹೀಗೆ: ತಿಗಣೆಯ ಮೈಗೆ ಸಣ್ಣ ಸೀಳು ಹಾಕಿ, ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಬೆಚ್ಚಗೆ ಇಡಬೇಕು. ಒಳಗಿನ ಕೊಬ್ಬು, ಮಾಂಸ ಕರಗಿ ತೆಳುವಾದ ಚರ್ಮ ಮಾತ್ರ ಉಳಿಯುತ್ತದೆ. ಅದನ್ನು ತೊಳೆದು, ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲೆ ಚಪ್ಪಟೆಯಾಗಿ ಹರಡಿ, ಪಾರದರ್ಶಕ ಅಂಟಿನಲ್ಲಿ ಕೂರಿಸಬೇಕು. ಆಗ ಸೂಕ್ಷ್ಮದರ್ಶಕದ ಕೆಳಗೆ ಆ ‘ಚೀಲ’ದ ಮೇಲೆ ಒಂದು ಭೂಪಟವೇ ತೆರೆದುಕೊಳ್ಳುತ್ತದೆ. ಮೇಣ ಸುರಿಸುವ ರಂಧ್ರಗಳು ನೂರಾರು. ಕೆಲವು ಮೂರು ಕೋಣೆಯವು, ಕೆಲವು ಹೂವಿನ ಎಸಳುಗಳಂತೆ ಹಲವು ಕೋಣೆಯವು, ಇನ್ನು ಕೆಲವು ಚರ್ಮದೊಳಕ್ಕೆ ಇಳಿಯುವ ಕೊಳವೆಗಳು. ಉಸಿರಾಟದ ತೂತುಗಳ ಸುತ್ತ ಯಾವ ರಂಧ್ರಗಳಿವೆ, ಎಷ್ಟಿವೆ, ಬೆನ್ನಿನ ಮೇಲೆ ಯಾವುದು, ಹೊಟ್ಟೆಯ ಕಡೆ ಯಾವುದು ಎಂಬುದರಿಂದ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಬಹುದು. ಕಾಲು, ರೆಕ್ಕೆ ಎಲ್ಲ ಕಳೆದುಕೊಂಡ ಕೀಟಕ್ಕೆ ಗುರುತಿನ ಚೀಟಿಯಾಗಿ ಉಳಿದಿರುವುದು ಈ ರಂಧ್ರಗಳೇ.

ಫೆರಿಸ್ ತನ್ನ ಪಟಗಳಲ್ಲಿ ಒಂದು ಕೀಟದ ನಡುವೆ ಗೆರೆ ಎಳೆದು ಎಡಗಡೆ ಬೆನ್ನನ್ನೂ ಬಲಗಡೆ ಹೊಟ್ಟೆಯನ್ನೂ ಬರೆಯುತ್ತಿದ್ದ. ಅಂಚಿನಲ್ಲಿ ಒಂದೊಂದು ರಂಧ್ರದ ದೊಡ್ಡ ಚಿತ್ರ. ಇಂದಿಗೂ ಈ ಕೀಟಗಳ ಹೊಸ ಪ್ರಭೇದವನ್ನು ವರ್ಣಿಸುವವರು ಅದೇ ಪದ್ಧತಿಯಲ್ಲಿ ಚಿತ್ರ ಬರೆಯುತ್ತಾರೆ. ಈ ಕಣ್ಣಿನಿಂದ ನೋಡಿದ್ದರಿಂದಲೇ 1953ರಲ್ಲಿ ಫೆರಿಸ್, ಕ್ರಾವಿಗಿಂತ ಬೇರೆಯಾದ ಬಿದಿರಿನ ತಿಗಣೆಯೊಂದನ್ನು ಆಂಟೊನೈನಾ ಪ್ರೆಟಿಯೋಸಾ ಎಂಬ ಹೆಸರಿನಿಂದ ಗುರುತಿಸಿದ. ಪ್ರೆಟಿಯೋಸಾ ಎಂದರೆ ಲ್ಯಾಟಿನ್ನಿನಲ್ಲಿ ಬೆಲೆಬಾಳುವಂಥದು. ಬಿದಿರು ಬೆಳೆಸುವವರು ಈ ಹೆಸರನ್ನು ಒಪ್ಪುವುದು ಅನುಮಾನ.

ಕಾಣದಷ್ಟು ಸಣ್ಣ ರಂಧ್ರಗಳನ್ನು ಎಣಿಸುತ್ತಾ ಕೂರುವುದು ವಿದ್ವಾಂಸರ ಕಾಲಕ್ಷೇಪ ಎಂದು ತೋರಬಹುದು. ಅದಕ್ಕೆ ಉತ್ತರ ಮ್ಯಾಸ್ಕೆಲ್‌ನ ಆ ಹುಲ್ಲಿನ ತಿಗಣೆಯ ಮುಂದಿನ ಚರಿತ್ರೆಯಲ್ಲಿದೆ. ಬಿದಿರಿನ ತಿಗಣೆಗಳ ಈ ದಾಯಾದಿ 1942ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ, ವಿಶಾಲ ಹುಲ್ಲುಗಾವಲುಗಳ ‘ಕಿಂಗ್ ರ‍್ಯಾಂಚ್’ ಎಂಬಲ್ಲಿ ಕಾಣಿಸಿಕೊಂಡಿತು. ದನಗಳ ಮೇವಿಗೆಂದು ಆಫ್ರಿಕಾದಿಂದ ತಂದು ಬೆಳೆಸಿದ್ದ ರೋಡ್ಸ್ ಹುಲ್ಲು ಬುಡದಿಂದಲೇ ಒಣಗತೊಡಗಿತು. ಕೀಟ ಹುಲ್ಲಿನ ಗೆಣ್ಣಿನ ಪೊರೆಯೊಳಗೆ ಅಡಗಿರುವುದರಿಂದ ಔಷಧಿ ತಾಗುವುದಿಲ್ಲ. ತಾಗಿದರೂ ಅಷ್ಟು ವಿಸ್ತಾರವಾದ ಗೋಮಾಳಕ್ಕೆ ಔಷಧಿ ಹೊಡೆಯುವುದು ಯಾರಿಗೂ ಕಟ್ಟುವುದಿಲ್ಲ.

ಹುಲ್ಲು ಆಫ್ರಿಕಾದ್ದಾದ್ದರಿಂದ ಕೀಟವೂ ಆಫ್ರಿಕಾದ್ದೇ ಇರಬೇಕು ಎಂದು ಊಹಿಸುವುದು ಸಹಜ. ಆದರೆ ಅದು ಆಂಟೊನೈನಾ ಗ್ರಾಮಿನಿಸ್ ಎಂಬ ಹೆಸರು ಏಷ್ಯಾದ ಕಡೆ ಬೆರಳು ತೋರಿಸಿತು. ಮೊದಲು 1949ರಲ್ಲಿ ಹವಾಯಿಯಿಂದ ಒಂದು ಪರತಂತ್ರ ಕಣಜವನ್ನು ತಂದರು. ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು, ಮರಿಗಳು ಅದನ್ನು ಒಳಗಿಂದಲೇ ತಿಂದು ಮುಗಿಸುವಂಥದು. ಟೆಕ್ಸಸ್‌ನ ಒಣ ಸೆಕೆಯನ್ನು ಅದು ತಾಳಲಿಲ್ಲ. ಆಮೇಲೆ 1959ರಲ್ಲಿ ಭಾರತದಿಂದ ಹೋದದ್ದು ನಿಯೊಡಸ್ಮೆಟಿಯಾ ಸಂಗ್ವಾನಿ ಎಂಬ ಇನ್ನೊಂದು ಕಣಜ. ಎರಡೇ ವರ್ಷ ಮೊದಲು, 1957ರಲ್ಲಿ, ಅದನ್ನು ವರ್ಣಿಸಿ ಹೆಸರಿಟ್ಟವರು ಭಾರತದ ಕೀಟವಿಜ್ಞಾನಿ ಬಿ.ಆರ್. ಸುಬ್ಬರಾವ್. ಇದು ಬಿಸಿಲಿಗೆ ಜಗ್ಗಲಿಲ್ಲ. ಆದರೆ ಇದರ ಹೆಣ್ಣಿಗೆ ಹಾರಲು ಬರುವುದಿಲ್ಲ. ತಾನಾಗಿ ಹರಡುವುದು ವರ್ಷಕ್ಕೆ ಸುಮಾರು ಅರ್ಧ ಮೈಲಿ ಮಾತ್ರ. ಹಾರಲಾರದ ಕಣಜಕ್ಕೆ ಅಮೆರಿಕನ್ನರು ವಿಮಾನದ ಏರ್ಪಾಟು ಮಾಡಿದರು. ಆಕಾಶದಿಂದ ಹುಲ್ಲುಗಾವಲಿನ ಮೇಲೆ ಅದನ್ನು ಉದುರಿಸಿದರು. ಕೆಲವೇ ವರ್ಷಗಳಲ್ಲಿ ತಿಗಣೆಯ ಕಾಟ ಲೆಕ್ಕಕ್ಕಿಲ್ಲದಷ್ಟು ಇಳಿಯಿತು. ಅತ್ತ ತಿಗಣೆಗೂ ಇತ್ತ ಕಣಜಕ್ಕೂ ಸರಿಯಾದ ಹೆಸರಿಲ್ಲದೆ ಹೋಗಿದ್ದರೆ ಇವೆರಡನ್ನೂ ಭೇಟಿ ಮಾಡಿಸುವುದು ಹೇಗೆ?

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇದೇ ಕುಟುಂಬದ ಇನ್ನೊಂದು ಕೀಟ ಕೀನ್ಯಾ ದೇಶಕ್ಕೆ ಕಲಿಸಿತು. 1920ರ ದಶಕದಲ್ಲಿ ಅಲ್ಲಿನ ಕಾಫಿಗೆ ಹಿಟ್ಟು ತಿಗಣೆ ಬಿತ್ತು. ಅದು ಮೊದಲೇ ಪರಿಚಯವಿದ್ದ ಪ್ಲಾನೊಕಾಕಸ್ ಸಿಟ್ರಿ ಎಂದರು, ಮತ್ತೆ ಪ್ಲಾನೊಕಾಕಸ್ ಲಿಲಸಿನಸ್ ಎಂದರು. ಈ ಎರಡನೆಯದು ಏಷ್ಯಾದ್ದು. ಆದ್ದರಿಂದ ಅದರ ಶತ್ರುಗಳನ್ನು ಹುಡುಕಿಕೊಂಡು ಏಷ್ಯಾಕ್ಕೆ ಹೋದರು, ತಂದ ಕೀಟಗಳು ಕೀನ್ಯಾದ ತಿಗಣೆಯನ್ನು ಹತೋಟಿಗೆ ತರಲಿಲ್ಲ. 1935ರಲ್ಲಿ ಆರ್.ಎಚ್. ಲೆ ಪೆಲೆ ಎಂಬ ಕೀಟತಜ್ಞ ಅದು ಬೇರೆಯೇ ಪ್ರಭೇದ ಎಂದು ತೋರಿಸಿ ‘ಕೆನ್ಯೆ’ ಎಂಬ ಹೆಸರು ಕೊಟ್ಟ. ಹೊಸ ಹೆಸರು ಸಿಕ್ಕಿದ ಮೇಲೆ ಹುಡುಕಾಟದ ದಿಕ್ಕೇ ಬದಲಾಯಿತು. ಅದರ ತವರು ಪಕ್ಕದ ಉಗಾಂಡ! 1938ರಲ್ಲಿ ಅಲ್ಲಿಂದ ತಂದ ಕಣಜಗಳು ಕೆಲಸ ಮುಗಿಸಿದವು. ಪಕ್ಕದ ಮನೆಯಲ್ಲಿದ್ದ ಮದ್ದಿಗಾಗಿ ಸಮುದ್ರ ದಾಟಿದಂತಾಗಿತ್ತು.

ಸಿಟ್ರಿ, ಲಿಲಸಿನಸ್ ಎಂಬ ಈ ಜೋಡಿ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅಪರಿಚಿತವಲ್ಲ. 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಿದ ಲೆಪ್ಟೊಮ್ಯಾಸ್ಟಿಕ್ಸ್ ಡ್ಯಾಕ್ಟಿಲೋಪಿ ಎಂಬ ಕಣಜ ಕರ್ನಾಟಕದ ಕಾಫಿಯಲ್ಲಿ ಸಿಟ್ರಿಯನ್ನು ಚೆನ್ನಾಗಿ ಹಿಡಿಯುತ್ತದೆ, ಲಿಲಸಿನಸ್ ಅದಕ್ಕೆ ಬೇಡ. ಬರಿಗಣ್ಣಿಗೆ ಎರಡೂ ಬಿಳಿ ಹಿಟ್ಟೇ. ತೋಟದಲ್ಲಿರುವುದು ಯಾವುದು ಎಂದು ತಿಳಿಯದೆ ಕಣಜ ತಂದು ಬಿಟ್ಟರೆ ದುಡ್ಡು ದಂಡ.

ಬಿದಿರಿಗೆ ಮರಳಿದರೆ, ಅಲ್ಲಿ ಆಂಟೊನೈನಾ ಒಂದೇ ಇಲ್ಲ. ಮ್ಯಾಸ್ಕೆಲ್ ತನ್ನ ‘ಬಾಂಬೂಸೆ’ಗೆ ಮುಂದೆ ಕೀಟೊಕಾಕಸ್ ಎಂಬ ಬೇರೆ ಕುಲವನ್ನೇ ಮಾಡಿದ, ಅದೂ ಕಾಲಿಲ್ಲದ್ದೇ. ಜಪಾನಿನ ರ‍್ಯೋಯಿಚಿ ತಕಹಾಶಿ 1951ರಲ್ಲಿ ಮಲಯ ದೇಶದ ಬಿದಿರಿನಿಂದ ವರ್ಣಿಸಿದ ಕೀಟಕ್ಕೆ ಕಾಲುಗಳಿವೆ. ಕೌಲಾಲಂಪುರದ ನೆನಪಿಗೆ ಅದರ ಹೆಸರು ‘ಲಂಪುರೆನ್ಸಿಸ್’. ಇಂದು ಅದು ಸೇರಿರುವ ಕುಲ ಪಾಮಿಕಲ್ಟರ್, ಅಂದರೆ ತಾಳೆ ಜಾತಿಯ ಮರಗಳಲ್ಲಿ ವಾಸಿಸುವಂಥದು. ಬಿದಿರಿನ ಕೀಟಕ್ಕೆ ತಾಳೆಯ ಹೆಸರೇಕೆ? ಆ ಕುಲಕ್ಕೆ ಮಾದರಿಯಾದ ಪ್ರಭೇದ ತಾಳೆಯ ಮೇಲಿನದು, ಚರ್ಮದ ರಚನೆಯಲ್ಲಿ ಬಿದಿರಿನದೂ ಅದರ ಬಂಧು, ಅಷ್ಟೆ. ವರ್ಗೀಕರಣ ನಡೆಯುವುದು ಮೈಕಟ್ಟಿನ ಮೇಲೆ, ಊಟದ ಮೇಲಲ್ಲ. ಒಂದೇ ಗೆಣ್ಣಿನಲ್ಲಿ ಒಟ್ಟಿಗೆ ಉಣ್ಣುವವು ದೂರದ ಸಂಬಂಧಿಗಳಾಗಿರಬಹುದು, ಬೇರೆ ಬೇರೆ ಮರದಲ್ಲಿರುವವು ಒಡಹುಟ್ಟುಗಳಾಗಿರಬಹುದು. ಮೊದಲ ತಲೆಮಾರಿಗೆ ಇದು ಪೂರ್ತಿ ಮನದಟ್ಟಾಗಿರಲಿಲ್ಲ.

ಈ ಲಂಪುರೆನ್ಸಿಸ್ 2002ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪತ್ತೆಯಾಯಿತು. ಅರ್ಧ ಶತಮಾನದ ಹಿಂದೆ ಮಲಯದಲ್ಲಿ ಒಬ್ಬ ಜಪಾನೀಯ ಬರೆದಿಟ್ಟ ವರ್ಣನೆ ಇದ್ದುದರಿಂದ ಅದನ್ನು ಹೆಸರು ಹಿಡಿದು ಕರೆಯಲು ಸಾಧ್ಯವಾಯಿತು. ಎರಡು ವರ್ಷಗಳ ನಂತರ, 2004ರಲ್ಲಿ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡಿ.ಜೆ. ವಿಲಿಯಮ್ಸ್ ದಕ್ಷಿಣ ಏಷ್ಯಾದ ಹಿಟ್ಟು ತಿಗಣೆಗಳ ಕುರಿತ ಬೃಹತ್ ಗ್ರಂಥವನ್ನು ಹೊರತಂದರು. ಭಾರತದಲ್ಲಿ ಈ ಕೀಟಗಳನ್ನು ಗುರುತಿಸುವವರ ಮೇಜಿನ ಮೇಲೆ ಇರಲೇಬೇಕಾದ ಪುಸ್ತಕವದು. ಜಗತ್ತಿನಲ್ಲಿ ಹೆಸರು ಪಡೆದ ಹಿಟ್ಟು ತಿಗಣೆಗಳು ಸುಮಾರು 2000.

ಈಗ ಡಿಎನ್‌ಎ ಪರೀಕ್ಷೆಯೂ ಬಂದಿದೆ. ಹಳೆಯ ವರ್ಗೀಕರಣ ನಿಂತಿರುವುದೆಲ್ಲ ಪ್ರಾಯಕ್ಕೆ ಬಂದ ಹೆಣ್ಣಿನ ಚರ್ಮದ ಮೇಲೆ. ಗಂಡು ಕೀಟ ಸಿಕ್ಕುವುದು ಅಪರೂಪ, ಸಿಕ್ಕರೂ ರೆಕ್ಕೆಯಿರುವ, ಬಾಯಿಯಿಲ್ಲದ, ಕೆಲವೇ ದಿನ ಬದುಕುವ ಬೇರೆಯದೇ ಜೀವಿಯಂತಿರುತ್ತದೆ. ಬಂದರಿನ ತಪಾಸಣೆಯಲ್ಲಿ ಬಿದಿರಿನ ಮೇಲೆ ಮರಿ ಮಾತ್ರ ಸಿಕ್ಕರೆ ಮೊದಲಿನವರು ಕೈಚೆಲ್ಲಬೇಕಿತ್ತು, ಇಂದು ಡಿಎನ್‌ಎ ಅಲ್ಲಿ ನೆರವಿಗೆ ಬರುತ್ತದೆ. ಆದರೆ ಆ ಡಿಎನ್‌ಎಗೆ ಹೊಂದಿಸಬೇಕಾದ ಹೆಸರು ಯಾವುದು ಎಂಬ ತಕರಾರು ಬಂದಾಗ, ತಜ್ಞರು ಮತ್ತೆ ಸಿನ್ಯೋರೆಯ ಸಂಗ್ರಹವಿರುವ ವಿಯೆನ್ನಾಕ್ಕೋ ಮ್ಯಾಸ್ಕೆಲ್‌ನ ಸಂಗ್ರಹವಿರುವ ಆಕ್ಲೆಂಡಿಗೋ ಬರೆದು, ಅಲ್ಲಿನ ಗಾಜಿನ ಪಟ್ಟಿಯೊಂದನ್ನು ತೆಗೆಸಿ ರಂಧ್ರ ಎಣಿಸುತ್ತಾರೆ.