ನಡೆದವರ ಬಹಿಷ್ಕಾರ

ಬಹಿಷ್ಕಾರ ಅಂದರೆ ಏನು ಅಂತ ನಮ್ಮ ಕೇರಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರು ಮುನಿದರೆ ಕೂಲಿ ಇಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ, ಬಾವಿ ಹತ್ತಿರ ಸುಳಿಯುವಂತಿಲ್ಲ. ಅದು ಉಳ್ಳವರ ಆಯುಧ. 1927ರಲ್ಲಿ ಬಾಬಾಸಾಹೇಬರು ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇದೇ ಆಯುಧವನ್ನು ತುಳಿತಕ್ಕೆ ಸಿಕ್ಕವರೇ ತಿರುಗಿಸಿ ಹಿಡಿದ ಚರಿತ್ರೆಯೊಂದಿದೆ. ಅದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಪಟ್ಟಣದ್ದು.

ಅಲ್ಲಿ ಬಸ್ಸಿನ ಮುಂದಿನ ಹತ್ತು ಸೀಟು ಬಿಳಿಯರಿಗೆ. ಕರಿಯರು ಮುಂಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಿಂದ ಹತ್ತಬೇಕಿತ್ತು. ಎಷ್ಟೋ ಸಲ ಹತ್ತುವ ಮೊದಲೇ ಬಸ್ಸು ಹೊರಟುಬಿಡುತ್ತಿತ್ತು. ದುಡ್ಡಿಗೆ ಮೈಲಿಗೆಯಿಲ್ಲ, ಮನುಷ್ಯನಿಗೆ ಮೈಲಿಗೆ. ಈ ಲೆಕ್ಕ ನಮಗೆ ಹೊಸದೇನಲ್ಲ.

1955ರ ಮಾರ್ಚ್ 2ರಂದು ಹದಿನೈದು ವರ್ಷದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್ ಸೀಟು ಬಿಟ್ಟೇಳಲಿಲ್ಲ. ಪೋಲೀಸರು ಎಳೆದೊಯ್ದರು. ಬಡವರ ಮನೆಯ ಹುಡುಗಿ. ಇವಳನ್ನು ಮುಂದಿಟ್ಟುಕೊಂಡು ಹೋರಾಡೋದು ಕಷ್ಟ ಅಂತ ಮುಖಂಡರು ಹಿಂದೆ ಸರಿದರು. ಡಿಸೆಂಬರ್ 1ರಂದು ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಏಳಲಿಲ್ಲ. ಪಾಪ, ದಣಿದು ಕೂತಿದ್ದಳು ಅಂತ ಹೇಳುವವರಿದ್ದಾರೆ. ಅಲ್ಲ. ಆಕೆ ಕರಿಯರ ಹಕ್ಕಿನ ಸಂಘಟನೆಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವಳು.

ಆ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ನಿದ್ದೆಗೆಟ್ಟು ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು: ಸೋಮವಾರ ಬಸ್ಸು ಹತ್ತಬೇಡಿ. ಡಿಸೆಂಬರ್ 5ರಂದು ಬಸ್ಸುಗಳು ಖಾಲಿ ಓಡಿದವು. ಅಂದೇ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾದರು. ಒಂದು ದಿನದ ಕರೆ 381 ದಿನ ನಡೆಯಿತು.

ನಡೆದವರು ಯಾರು? ಬಿಳಿಯರ ಮನೆಯಲ್ಲಿ ಅಡಿಗೆ ಮಾಡುವ, ಬಟ್ಟೆ ಒಗೆಯುವ ಹೆಂಗಸರು. ಕೆಲವು ಯಜಮಾನ್ತಿಯರು ತಾವೇ ಕಾರು ತಂದು ಅವರನ್ನು ಕರೆದೊಯ್ದರು. ಮುಸುರೆ ತಿಕ್ಕೋರು ಬೇಕಲ್ಲ! ಜಾರ್ಜಿಯಾ ಗಿಲ್ಮೋರ್ ಎಂಬಾಕೆ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಅಡಿಗೆ ಕೆಲಸ ಕಳಕೊಂಡಳು. ಊಟ ಮಾರಿ ಚಳವಳಿಗೆ ದುಡ್ಡು ಕೂಡಿಸಿದಳು. 1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬು ಬಿತ್ತು. ಜನ ನಿಲ್ಲಲಿಲ್ಲ.

ಮುಖಂಡರು ಬೇಡವೆಂದ ಕಾಲ್ವಿನ್ ಸೇರಿ ನಾಲ್ವರು ಹೆಂಗಸರ ದಾವೆಯಲ್ಲೇ ನ್ಯಾಯ ಸಿಕ್ಕಿದ್ದು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಡಿಸೆಂಬರ್ 21ರಂದು ಕರಿಯರು ಮುಂದಿನ ಸೀಟಲ್ಲಿ ಕೂತರು. ಕೆಲವೇ ದಿನಗಳಲ್ಲಿ ಬಸ್ಸಿಗೆ ಗುಂಡು ಹಾರಿ ಗರ್ಭಿಣಿಯೊಬ್ಬಳ ಕಾಲಿಗೆ ತಗುಲಿತು. ತೀರ್ಪು ಬಂದಷ್ಟು ಬೇಗ ದ್ವೇಷ ಹೋಗೋದಿಲ್ಲ.

ಅವರು ಹಾಗೆ ನಡೆಯುತ್ತಿದ್ದಾಗಲೇ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಲಕ್ಷಾಂತರ ನಮ್ಮವರು ಹಿಂದೂ ಧರ್ಮದಿಂದ ಹೊರನಡೆದರು. ಕರಿಯರ ಚಿಂತಕ ಡುಬಾಯ್ಸ್‌ಗೆ 1946ರಲ್ಲೇ ಅಂಬೇಡ್ಕರ್ ಕಾಗದ ಬರೆದಿದ್ದರು. ಎರಡು ನೋವುಗಳ ನಂಟು ಅವರಿಗೆ ತಿಳಿದಿತ್ತು.

ಗೆಳೆಯರೇ, ಮಾಂಟ್ಗೊಮರಿ ಗೆದ್ದದ್ದು ಬರೀ ಕೆಚ್ಚಿನಿಂದಲ್ಲ. ಬಸ್ಸು ಹತ್ತುವವರಲ್ಲಿ ಮುಕ್ಕಾಲು ಪಾಲು ಕರಿಯರು; ಅವರ ಕಾಸಿಲ್ಲದೆ ಬಸ್ಸಿಲ್ಲ. ಜನರನ್ನು ಸಾಗಿಸಲು ನೂರಾರು ಕಾರು ಕೂಡಿಸಿದರು, ಚರ್ಚುಗಳಲ್ಲಿ ಚಂದಾ ಎತ್ತಿದರು. ನಮ್ಮ ಕಾಸು ನಮ್ಮ ದುಡಿಮೆ. ಅದನ್ನು ತಡೆಹಿಡಿಯುವ ಮಾತು ಸಭೆಯಲ್ಲಿ ಸುಲಭ. ಆದರೆ ಕೂಲಿ ಬಿಟ್ಟ ಆ ಸಂಜೆ ಕೇರಿಯ ಒಲೆಗಳು ಉರಿಯೋದು ಹೇಗೆ? ಕಾಳು ಕೂಡಿಡದೆ ಬಹಿಷ್ಕಾರ ಕೂಗಿದರೆ ಹಸಿಯೋದು ನಮ್ಮ ಅವ್ವಂದಿರೇ. ಘೋಷಣೆ ಬರೆಯುವ ನಾವು ಮೊದಲು ಆ ಲೆಕ್ಕ ಬರೆಯೋಣ.